ಸೀಸನ್‌ಗೆ ಮೊದಲು ಬುಕಿಂಗ್ ಪ್ಲಗಿನ್ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡೆ ಪ್ರವಾಸಿಗರು ಬರತೊಡಗುತ್ತಾರೆ. ಸ್ವಂತ ವೆಬ್‌ಸೈಟಿನಲ್ಲಿ ಮುಂಗಡ ಪಡೆಯುವ ಹೋಮ್‌ಸ್ಟೇಯವರು ಕೋಣೆಗಳಿಗೆ ಸುಣ್ಣಬಣ್ಣ ಬಳಿಸುವಾಗಲೇ ಸೈಟಿನ ಪ್ಲಗಿನ್‌ಗಳನ್ನೂ (ಬುಕಿಂಗ್‌ನಂಥ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳನ್ನೂ) ಒಮ್ಮೆ ನೋಡಿಸಬೇಕು.

ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಪ್ಲಗಿನ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ಲೋಪ ಸಿಎಸ್‌ಆರ್‌ಎಫ್ (ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ), ಅಂದರೆ ಬೇರೆ ತಾಣವೊಂದು ನಿಮ್ಮ ಹೆಸರಿನಲ್ಲಿ ನಿಮ್ಮ ಸೈಟಿಗೆ ಕೋರಿಕೆ ಕಳಿಸಲು ಎಡೆಕೊಡುವ ಲೋಪ. ಇದಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. 'ರಿಮೆಂಬರ್ ಮಿ' ಒತ್ತಿದ್ದರೆ ಅಡ್ಮಿನ್ ಲಾಗಿನ್ 14 ದಿನ ಉಳಿಯುತ್ತದೆ. ಅದೇ ಬ್ರೌಸರ್‌ನಲ್ಲಿ, 'ಎರಡು ರೂಮ್ ಬೇಕಿತ್ತು, ವಿವರ ಇಲ್ಲಿದೆ' ಎಂಬ ಮೇಲ್‌ನ ಲಿಂಕ್ ತೆರೆದಿರಿ ಎನ್ನಿ. ಆ ಪುಟ ನಿಮ್ಮ ಸೈಟಿಗೆ ಸದ್ದಿಲ್ಲದೆ ಒಂದು ಕೋರಿಕೆ ಕಳಿಸುತ್ತದೆ: ಬುಕಿಂಗ್ ಸೆಟ್ಟಿಂಗ್‌ನ ಯುಪಿಐ ಐಡಿ ಬದಲಿಸು ಎಂದು. ಬ್ರೌಸರ್ ಲಾಗಿನ್ ಕುಕಿಯನ್ನು (ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತನ್ನು) ತಾನಾಗಿ ಜೊತೆಗೆ ಸೇರಿಸುತ್ತದೆ. ಕೋರಿಕೆ ತನ್ನದೇ ಫಾರ್ಮ್‌ನಿಂದ ಬಂದದ್ದೇ ಎಂದು ಪ್ಲಗಿನ್ ಪರೀಕ್ಷಿಸದಿದ್ದರೆ ಐಡಿ ಬದಲಾಗಿಬಿಡುತ್ತದೆ. ಅತಿಥಿ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತು 'ಅಡ್ವಾನ್ಸ್ ಕಟ್ಟಿದ್ದೇನೆ' ಎಂದಾಗಲೇ ನಿಮಗೆ ತಿಳಿಯುವುದು.

ಬೇರೆ ತಾಣದಿಂದ ಬರುವ ಪೋಸ್ಟ್ ಕೋರಿಕೆಗೆ (ಫಾರ್ಮ್ ಸಲ್ಲಿಸುವಂಥದ್ದಕ್ಕೆ) ಕುಕಿ ಸೇರಿಸುವುದನ್ನು ಕ್ರೋಮ್ 2020ರಿಂದ ಬಹುಮಟ್ಟಿಗೆ ತಡೆದಿದೆ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಎಲ್ಲ ಬ್ರೌಸರ್‌ಗಳೂ ಹಾಗಿಲ್ಲ. ಬರೀ ಲಿಂಕ್ ಒತ್ತಿದರೆ, ಅಂದರೆ ಗೆಟ್ ಕೋರಿಕೆಯಿಂದಲೇ, ಸೆಟ್ಟಿಂಗ್ ಬದಲಿಸುವ ಪ್ಲಗಿನ್ ಆದರೆ ಕ್ರೋಮ್‌ನಲ್ಲೂ ಕುಕಿ ಹೋಗುತ್ತದೆ.

ಶಿರಸಿ, ಕುಮಟಾ ಕಡೆ ಸೈಟ್ ಮಾಡಿಕೊಡುವವರಲ್ಲಿ ಕಳಕಳಿಯ ವಿನಂತಿ. ಫಾರ್ಮ್‌ಗೆ ನಾನ್ಸ್ (ಕೋರಿಕೆ ಅದೇ ಫಾರ್ಮ್‌ನಿಂದ ಬಂದದ್ದೆಂದು ತೋರಿಸುವ ಗುಪ್ತ ಸಂಕೇತ) ಹಾಕಿದರಷ್ಟೇ ಸಾಲದು, ಸೇವ್ ಆಗುವ ಕಡೆ ಅದನ್ನು ಪರೀಕ್ಷಿಸಲೇಬೇಕು. 'ನಾನ್ಸ್ ಬಂದಿದ್ದರೆ ಪರೀಕ್ಷಿಸು' ಎಂದು ಬರೆದ ಕೋಡ್ ಇನ್ನೂ ಅಪಾಯ: ದಾಳಿಕೋರ ನಾನ್ಸ್ ಕಳಿಸುವುದೇ ಇಲ್ಲ, ಪರೀಕ್ಷೆ ನಡೆಯುವುದೂ ಇಲ್ಲ. ವರ್ಡ್‌ಪ್ರೆಸ್‌ನ ನಾನ್ಸ್ ಹೆಚ್ಚೆಂದರೆ 24 ಗಂಟೆ ಚಾಲ್ತಿಯಲ್ಲಿರುತ್ತದೆ, ಅದು ಅಧಿಕಾರಪತ್ರವೂ ಅಲ್ಲ. ಬಳಕೆದಾರರಿಗೆ ಆ ಕೆಲಸದ ಅನುಮತಿ ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಮಾಲೀಕರು ಪ್ಲಗಿನ್ ಪಟ್ಟಿಯಲ್ಲಿ ಆಟೋ ಅಪ್‌ಡೇಟ್ ಆನ್ ಮಾಡಿಸಿ, ವರ್ಡ್‌ಪ್ರೆಸ್‌ನ 2020ರ 5.5 ಆವೃತ್ತಿಯಿಂದ ಈ ಸೌಲಭ್ಯ ಇದೆ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪ್ಲಗಿನ್ ಇದ್ದರೆ ಡಿಆ್ಯಕ್ಟಿವೇಟ್ ಮಾಡಿ ಸುಮ್ಮನಾಗದೆ ಪೂರ್ತಿ ಅಳಿಸಿಬಿಡಿ. ಸೈಟಿನ ಕೆಲಸಕ್ಕೆಂದೇ ಬೇರೆ ಬ್ರೌಸರ್ ಇಟ್ಟುಕೊಂಡು, ಅದರಲ್ಲಿ ಮೇಲ್ ತೆರೆಯದೆ, ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಆಗಿ. ವಾರಕ್ಕೊಮ್ಮೆ ನಿಮ್ಮದೇ ಪಾವತಿ ಪುಟದಲ್ಲಿ ಯುಪಿಐ ಐಡಿ ಓದಿ ನೋಡಿ. ಬದಲಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಪಾವತಿ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಕಟ್ಟಿದ ಅತಿಥಿಯಿಂದಲೂ ಮಾಡಿಸಿ.

– ವೆಬ್‌ಸೈಟ್ ನಿರ್ವಾಹಕರು, ಕುಮಟಾ