ಗಾಳಿಯ ವೇಗ ಅಳೆಯುವ ನಮ್ಮ ವಿಧಾನದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ನಿಮ್ಮ ಲ್ಯಾಬುಗಳ ಲ್ಯಾಮಿನಾರ್ ಫ್ಲೋ ಕ್ಯಾಬಿನೆಟ್ (ಶೋಧಿಸಿದ ಗಾಳಿ ಒಂದೇ ಸಮನೆ ಹರಿಯುವ ಪೆಟ್ಟಿಗೆ) ಮತ್ತು ಹಾನಿಕಾರಕ ಆವಿಯನ್ನು ಹೊರಹಾಕುವ ಫ್ಯೂಮ್ ಹುಡ್‌ಗಳಲ್ಲಿ ಗಾಳಿಯ ವೇಗವನ್ನು ಇಷ್ಟು ವರ್ಷ ನಾವು ವೇನ್ ಅನಿಮೋಮೀಟರಿನಿಂದ, ಅಂದರೆ ಗಾಳಿಗೆ ತಿರುಗುವ ರೆಕ್ಕೆಗಳ ಮಾಪಕದಿಂದ, ಅಳೆಯುತ್ತ ಬಂದಿದ್ದೇವೆ. ಮುಂದಿನ ಭೇಟಿಯಿಂದ ಹಾಟ್ ವೈರ್ ಅನಿಮೋಮೀಟರ್ ಬಳಸಲಿದ್ದೇವೆ. ವರದಿಯ ಅಂಕಿಗಳು ಇದರಿಂದ ಬದಲಾಗಬಹುದಾದ ಕಾರಣ ವಿವರವನ್ನು ಮೊದಲೇ ತಿಳಿಸುತ್ತಿದ್ದೇವೆ.

ರೆಕ್ಕೆ ತಿರುಗಬೇಕಾದರೆ ಗಾಳಿ ಮೊದಲು ಬೇರಿಂಗಿನ ಘರ್ಷಣೆಯನ್ನು ಮೀರಬೇಕು. ಗಾಳಿ ಜೋರಾಗಿ ಬೀಸುವ ಡಕ್ಟಿನಲ್ಲಿ, ಅಂದರೆ ಗಾಳಿ ಸಾಗಿಸುವ ಕೊಳವೆಯಲ್ಲಿ, ಇದು ಲೆಕ್ಕಕ್ಕೆ ಬಾರದು. ಆದರೆ ಕ್ಯಾಬಿನೆಟ್ಟಿನಲ್ಲಿ ಇರಬೇಕಾದ ವೇಗವೇ ಸೆಕೆಂಡಿಗೆ 0.45 ಮೀಟರಿನ ಆಸುಪಾಸು. ಫಿಲ್ಟರಿನ ಒಂದು ಮೂಲೆ ಕಟ್ಟಿಕೊಂಡಿದ್ದ ಕ್ಯಾಬಿನೆಟ್ ಒಂದರಲ್ಲಿ ನಮ್ಮ ಮಾಪಕದ ರೆಕ್ಕೆ ಎರಡು ಸುತ್ತು ಹಾಕಿ ನಿಂತೇಬಿಟ್ಟಿತು. ಪರದೆಯಲ್ಲಿ ಸೊನ್ನೆ ಇತ್ತು, ಅಂಗೈ ಒಡ್ಡಿದರೆ ಮಾತ್ರ ತಣ್ಣನೆಯ ಗಾಳಿ ತಾಗುತ್ತಿತ್ತು.

ಹೊಸ ಮಾಪಕ ಕೆಲಸ ಮಾಡುವುದೂ ಆ ಅಂಗೈಯಂತೆಯೇ. ಅದರ ತುದಿಯ ಪುಟ್ಟ ಸೆನ್ಸರನ್ನು ವಿದ್ಯುತ್ತಿನಿಂದ ಕಾಯಿಸಲಾಗುತ್ತದೆ; ಹಾಯುವ ಗಾಳಿ ಶಾಖವನ್ನು ಒಯ್ದಷ್ಟೂ ಅದನ್ನು ತುಂಬಿಕೊಡಲು ಬೇಕಾಗುವ ವಿದ್ಯುತ್ತು ಹೆಚ್ಚುತ್ತದೆ, ಆ ಹೆಚ್ಚಳದಿಂದ ವೇಗ ತಿಳಿಯುತ್ತದೆ. ಈ ಶಾಖನಷ್ಟ ಹೆಚ್ಚುಕಡಿಮೆ ವೇಗದ ವರ್ಗಮೂಲದಂತೆ ಏರುತ್ತದೆಂದು ಭೌತವಿಜ್ಞಾನಿ ಎಲ್. ವಿ. ಕಿಂಗ್ 1914ರಲ್ಲಿಯೇ ತೋರಿಸಿದ್ದರು. ವರ್ಗಮೂಲವು ಸಣ್ಣ ಸಂಖ್ಯೆಗಳಲ್ಲೇ ಚುರುಕಾಗಿ ಏರುವುದರಿಂದ ಮಂದಗಾಳಿಯ ಸಣ್ಣ ವ್ಯತ್ಯಾಸವೂ ಇದರಲ್ಲಿ ಎದ್ದು ಕಾಣುತ್ತದೆ.

ಒಂದು ಅಂಶವನ್ನು ದಯವಿಟ್ಟು ವಿಶೇಷವಾಗಿ ಗಮನಿಸಬೇಕು. ಶಾಖ ಒಯ್ಯುವುದು ಗಾಳಿಯ ದ್ರವ್ಯರಾಶಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆ ಇರುವುದರಿಂದ, ಒತ್ತಡದ ತಿದ್ದುಪಡಿ ಮಾಡದ ಮಾಪಕ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಪರದೆಯಲ್ಲಿ 0.40 ಎಂದಿದ್ದರೆ ನಿಜವಾದ ವೇಗ 0.44ರ ಹತ್ತಿರವಿರುತ್ತದೆ. ಮಂಗಳೂರಿನ ಗ್ರಾಹಕರಿಗೆ ಎತ್ತರದ ಈ ಅಂತರವಿಲ್ಲ. ಇನ್ನು ಮುಂದೆ ವರದಿಯಲ್ಲಿ ಮಾಪಕ ತೋರಿಸಿದ ಅಂಕಿ ಮತ್ತು ತಿದ್ದಿದ ಅಂಕಿ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯುತ್ತೇವೆ; ತಿದ್ದುಪಡಿಯಾಗದ ಅಂಕಿಯನ್ನು ಹಿಂದಿನ ವರ್ಷದ ವರದಿಯೊಂದಿಗೆ ಹೋಲಿಸಿ ಫಿಲ್ಟರ್ ಬದಲಿಸುವ ತೀರ್ಮಾನಕ್ಕೆ ಬರಬಾರದೆಂದು ವಿನಂತಿ.

ಹೋಲಿಕೆಗೆ ಅನುಕೂಲವಾಗಲೆಂದು ಮೊದಲ ಭೇಟಿಯಲ್ಲಿ ಅದೇ ಬಿಂದುಗಳಲ್ಲಿ ಹಳೆಯ ಮಾಪಕದಿಂದಲೂ ಅಳೆದುಕೊಡುತ್ತೇವೆ. ಇದಕ್ಕೆ ಹೆಚ್ಚುವರಿ ಶುಲ್ಕವಿಲ್ಲ. ಡಕ್ಟುಗಳಿಗೆ ಹಳೆಯ ಮಾಪಕವೇ ಮುಂದುವರಿಯುತ್ತದೆ.

ಕಾದ ಸೆನ್ಸರನ್ನು ಬೆಂಕಿ ಹೊತ್ತಿಕೊಳ್ಳುವ ಆವಿಯ ನಡುವೆ ಇಡುವುದು ಅಪಾಯಕರ. ಆದ್ದರಿಂದ ನಮ್ಮ ತಂತ್ರಜ್ಞರು ಬರುವ ಮೊದಲು ಫ್ಯೂಮ್ ಹುಡ್‌ನಿಂದ ಅಸಿಟೋನ್, ಈಥರ್ ಮುಂತಾದ ದ್ರಾವಕಗಳನ್ನು ತೆಗೆದಿಟ್ಟು, ಹುಡ್ ಫ್ಯಾನನ್ನು ಸ್ವಲ್ಪ ಹೊತ್ತು ಓಡಿಸಿರಬೇಕೆಂದು ಕೋರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ತಪಾಸಣಾ ವಿಭಾಗ