ರೈಲು ಬಂತು, ಹತ್ತಲಿಕ್ಕೆ ಒಂದು ಮೆಟ್ಟಿಲು ಕೊಡಿ

ಸಂಪಾದಕರಿಗೆ ನಮಸ್ಕಾರ.

ಮಂಗಳೂರಿನಿಂದ ಕಬಕ ಪುತ್ತೂರಿಗೆ ಬಂದು ತಿರುಗಿ ಹೋಗುತ್ತಿದ್ದ ಪ್ಯಾಸೆಂಜರ್ ರೈಲು 2025ರ ಏಪ್ರಿಲ್‌ನಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಬರುತ್ತಿದೆ. ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳದ ಕಡೆಯ ಜನ ಎಷ್ಟೋ ವರ್ಷ ಕೇಳಿ ಪಡೆದ ರೈಲು ಇದು. ಇದನ್ನು ಮಾಡಿಸಿದ ಎಲ್ಲರಿಗೂ ಮೊದಲು ಕೈಮುಗಿಯುತ್ತೇನೆ. ಈ ರೈಲು ಇಲ್ಲದಿದ್ದರೆ ಹೋದ ಮಳೆಗಾಲ ನಮ್ಮ ಪಾಡು ಏನಾಗುತ್ತಿತ್ತೋ ಗೊತ್ತಿಲ್ಲ.

ನಾನು ಬೀಡಿ ಕಟ್ಟುವವಳು. ನಮ್ಮವರು ಅಡಿಕೆ ತೋಟದ ಕೆಲಸದವರು. ಕೊಯ್ಲಿನ ಕಾಲಕ್ಕೆ ಕೊಯ್ಲು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು. ಹೋದ ವರ್ಷ ಅವರ ಬಾಯಿಯೊಳಗೆ ಒಂದು ಹುಣ್ಣಾಯಿತು. ಮಾಗಲೇ ಇಲ್ಲ. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು. ಆಮೇಲೆ 30 ಸಲ ರೇಡಿಯೇಷನ್ ಕೊಡಬೇಕು ಅಂದರು. ವಾರಕ್ಕೆ 5 ದಿನ, ಒಟ್ಟು 6 ವಾರ. ಒಂದೊಂದು ಸಲ ಕೊಡುವುದು ಕೆಲವೇ ನಿಮಿಷ. ಆದರೆ ಅದಕ್ಕೆ ದಿನಾ ಮಂಗಳೂರಿಗೆ ಹೋಗಿ ಬರಲೇಬೇಕು. ಅಲ್ಲೇ ರೂಮ್ ಮಾಡಿಕೊಂಡು ಇರುವಷ್ಟು ದುಡ್ಡು ನಮ್ಮಲ್ಲಿ ಇರಲಿಲ್ಲ.

ಮೊದಲ ವಾರ ಬಸ್ಸಿನಲ್ಲಿ ಹೋದೆವು. ಪುತ್ತೂರಿನಲ್ಲಿ ಬಸ್ ಬದಲಿಸಿ, ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್ ದಾಟಿ ಮಂಗಳೂರು. ಬಸ್ಸು ಒಮ್ಮೆ ಬ್ರೇಕ್ ಹಾಕಿದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಮೂಗಿನಲ್ಲಿ ನಳಿಕೆ ಹಾಕಿದವರು ವಾಂತಿ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವುದು ಎಷ್ಟು ಸಂಕಟ ಅಂತ ಹೇಳಲಿಕ್ಕೆ ಬರುವುದಿಲ್ಲ. ಅವರಿಗೆ ನಾಚಿಕೆ ಬೇರೆ. ‘ನಾಳೆಯಿಂದ ನಾನು ಬರುವುದಿಲ್ಲ’ ಅಂದುಬಿಟ್ಟರು.

ಎರಡನೇ ವಾರದಿಂದ ರೈಲು ಹಿಡಿದೆವು. ಬೆಳಗ್ಗೆ ಏಳರ ಸುಮಾರಿಗೆ ಸುಬ್ರಹ್ಮಣ್ಯ ರೋಡ್ ಬಿಡುವ ರೈಲು ಒಂಬತ್ತೂವರೆ ಹೊತ್ತಿಗೆ ಮಂಗಳೂರು ಸೆಂಟ್ರಲ್‌ಗೆ ಹೋಗುತ್ತದೆ. ಸಂಜೆ ವಾಪಸ್ ಬರುತ್ತದೆ. ರೈಲಿನಲ್ಲಿ ಶೌಚಾಲಯ ಉಂಟು. ಸೀಟು ಖಾಲಿ ಇದ್ದರೆ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಿದ್ದರು. ಕೊರೊನಾ ನಂತರ ಪ್ಯಾಸೆಂಜರ್ ರೈಲಿನ ಕನಿಷ್ಠ ಟಿಕೆಟ್ 30 ರೂಪಾಯಿ ಆಗಿದ್ದು 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು ನೋಡಿ, ಅದರ ಬೆಲೆ ನಮ್ಮಂಥವರಿಗೆ ಗೊತ್ತು. ಇನ್ನೊಂದು ವಿಷಯ ಓದುಗರಿಗೆ ಹೇಳಲೇಬೇಕು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಉಂಟು. ಅದಕ್ಕೆ ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ನಮಗೆ ಇದು ಗೊತ್ತಾದದ್ದು ಚಿಕಿತ್ಸೆ ಅರ್ಧ ಮುಗಿದ ಮೇಲೆ, ಅದೂ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸಿನಿಂದ.

ಇಷ್ಟೆಲ್ಲ ಒಳ್ಳೆಯದಿದ್ದರೂ ನಮಗೆ ಒಂದೇ ಒಂದು ಕಷ್ಟ ಇತ್ತು. ರೈಲು ಹತ್ತುವುದು.

ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರಂ ಎತ್ತರ ಉಂಟು. ಬಾಗಿಲಿನಿಂದ ಕಾಲು ಇಟ್ಟರೆ ಆಯಿತು. ನಾವು ಹತ್ತುವ ಸಣ್ಣ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಹೆಚ್ಚುಕಡಿಮೆ ಹಳಿಯ ಮಟ್ಟದಲ್ಲೇ ಉಂಟು. ನಿಲ್ದಾಣದ ಹೆಸರು ಬರೆಯುವುದಿಲ್ಲ. ಇದು ಒಂದೇ ನಿಲ್ದಾಣದ ಕತೆ ಅಲ್ಲ, ಬೇರೆ ಕಡೆಯ ಓದುಗರಿಗೂ ತಮ್ಮೂರಿನದೇ ನೆನಪಾಗಬಹುದು. ಕೆಳಗೆ ನಿಂತರೆ ಬೋಗಿಯ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ. ಅಲ್ಲಿಗೆ ಒಂದು ಕಾಲು ಎತ್ತಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಮೈಯನ್ನೇ ಮೇಲಕ್ಕೆ ಎಳೆದುಕೊಳ್ಳಬೇಕು. ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಹಿಂದಿನ ಬೋಗಿಗೆ ಹೋದರೆ ಅಷ್ಟೂ ಇಲ್ಲ, ಜಲ್ಲಿಯ ಮೇಲೆ ನಿಂತೇ ಹತ್ತಬೇಕು.

ನಮ್ಮವರು ಹದಿನೇಳನೇ ವಯಸ್ಸಿಗೇ ಕಾಲಿಗೆ ತಳೆ ಸಿಕ್ಕಿಸಿ ಅಡಿಕೆ ಮರ ಹತ್ತಿದವರು. ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟುತ್ತಿದ್ದರು. ರೇಡಿಯೇಷನ್‌ನ ಮೂರನೇ ವಾರದಲ್ಲಿ ಅವರ ತೂಕ ಎಷ್ಟು ಇಳಿದಿತ್ತೆಂದರೆ ಕಂಬಿ ಹಿಡಿದ ಕೈ ನಡುಗುತ್ತಿತ್ತು. ಒಂದು ದಿನ ಮಳೆಗೆ ಮೆಟ್ಟಿಲು ಒದ್ದೆ. ಕಾಲು ಜಾರಿ ಮೊಣಕಾಲ ಕೆಳಗೆ ಚರ್ಮ ಸುಲಿದುಹೋಯಿತು. ಆ ಗಾಯ ಒಣಗಲಿಕ್ಕೆ ಒಂದು ತಿಂಗಳು ಬೇಕಾಯಿತು. ಇದಕ್ಕೆ ಇಂಥವರೇ ಕಾರಣ ಅಂತ ದೂರಲು ನಾನು ಬರೆಯುತ್ತಿಲ್ಲ.

ಮಾರನೇ ದಿನ ಮನೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲ್ ತೆಗೆದುಕೊಂಡು ಹೋದೆ. ನಾನು ಕೂತು ಬೀಡಿ ಎಲೆ ಕತ್ತರಿಸುವ ಸ್ಟೂಲ್ ಅದು. ಅದಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿದೆ. ಬಾಗಿಲಿನ ಕೆಳಗೆ ಇಟ್ಟು ಅವರನ್ನು ಹತ್ತಿಸುವುದು, ನಾನು ಹತ್ತುವುದು, ಆಮೇಲೆ ಹಗ್ಗ ಎಳೆದು ಸ್ಟೂಲನ್ನು ಮೇಲೆ ತೆಗೆದುಕೊಳ್ಳುವುದು. ಸಂಜೆ ಇಳಿಯುವಾಗ ಮೊದಲು ಸ್ಟೂಲು, ಮತ್ತೆ ನಾನು, ಕೊನೆಗೆ ಅವರು. ಮೊದಲ ದಿನ ಎಲ್ಲರೂ ನೋಡಿದರು. ಒಂದು ವಾರದಲ್ಲಿ ಆ ಸ್ಟೂಲು ಎಲ್ಲರದ್ದೂ ಆಯಿತು. ಪುತ್ತೂರಿಗೆ ಮಲ್ಲಿಗೆ ಮಾರಲು ಹೋಗುವ ಒಬ್ಬರು ಅಜ್ಜಿ, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡ ತಾಯಿ, ಮಂಡಿ ನೋವಿನ ಮೇಷ್ಟ್ರು, ಎಲ್ಲರೂ ನಾವು ನಿಲ್ಲುವ ಜಾಗಕ್ಕೇ ಬಂದು ನಿಲ್ಲುತ್ತಿದ್ದರು. ಕಾಲೇಜಿಗೆ ಹೋಗುವ ಹುಡುಗರು ‘ಆಂಟಿ, ನೀವು ಹತ್ತಿ’ ಅಂತ ಸ್ಟೂಲು ಹಿಡಿದುಕೊಂಡು ನಿಲ್ಲುತ್ತಿದ್ದರು. ಒಂದು ಸಂಜೆ ಜೋರು ಮಳೆ. ನಾವು ಇನ್ನೂ ಇಳಿಯುತ್ತಿದ್ದೆವು, ಸೀಟಿ ಆಗಿಬಿಟ್ಟಿತು. ಆ ಹುಡುಗರೇ ಕೂಗಿ ಹೇಳಿದರು. ಗಾರ್ಡ್ ಟಾರ್ಚ್ ಬಿಟ್ಟು ನೋಡಿ, ನಾವು ಇಳಿದು ದೂರ ಸರಿಯುವವರೆಗೆ ರೈಲು ನಿಲ್ಲಿಸಿದರು. ಅವರಿಗೆ ದೇವರು ಒಳ್ಳೆಯದು ಮಾಡಲಿ.

ಈ ದಾರಿಯಲ್ಲಿ ಮೊದಲು ಓಡಿದ್ದು ಮೀಟರ್‌ಗೇಜ್, ಅಂದರೆ ಕಡಿಮೆ ಅಗಲದ ಹಳಿಯ ರೈಲು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ದಾರಿ ತೆರೆದಾಗ ನಾನು ಸಣ್ಣವಳು. 1996ರಲ್ಲಿ ಹಳಿ ಅಗಲ ಮಾಡಲು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ನಿಲ್ಲಿಸಿದರು. ಮತ್ತೆ ಬೆಂಗಳೂರಿಗೆ ಪ್ರಯಾಣಿಕರ ರೈಲು ಹೊರಟಿದ್ದು 2007ರ ಡಿಸೆಂಬರ್‌ನಲ್ಲಿ. ಹಳೆಯ ಮೀಟರ್‌ಗೇಜ್ ಬೋಗಿಗಳು ತಗ್ಗಿದ್ದವು. ಲಂಗ ಎತ್ತಿ ಹಿಡಿದು ನಾನೇ ಹತ್ತಿದ ನೆನಪು ಉಂಟು. ಈಗಿನ ಅಗಲ ಹಳಿಯ ಬ್ರಾಡ್‌ಗೇಜ್ ಬೋಗಿ ದೊಡ್ಡದು, ಎತ್ತರ.

ಗುತ್ತಿಗೆ ಕೆಲಸಕ್ಕೆ ಹೋಗಿ ಪ್ಲಾಟ್‌ಫಾರಂ ಕಟ್ಟಿದ ನಮ್ಮ ಅಕ್ಕನ ಮಗನನ್ನು ಕೇಳಿದೆ. ಪ್ಲಾಟ್‌ಫಾರಂನಲ್ಲಿ ಮೂರು ಬಗೆ ಅಂತೆ. ಹಳಿಯ ಮಟ್ಟದ್ದು ಒಂದು. ಹಳಿಯಿಂದ 455 ಮಿ.ಮೀ. ಎತ್ತರದ್ದು ಇನ್ನೊಂದು. ದೊಡ್ಡ ನಿಲ್ದಾಣಗಳಲ್ಲಿ ಇರುವುದು 760ರಿಂದ 840 ಮಿ.ಮೀ. ಎತ್ತರದ್ದು. ಅಂದರೆ ನಮಗೂ ಮಂಗಳೂರಿನವರಿಗೂ ಇರುವ ವ್ಯತ್ಯಾಸ ಎರಡೂವರೆ ಅಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ರೈಲು ನಿಲ್ದಾಣಗಳು ಎಲ್ಲರೂ ಬಳಸುವಂತೆ ಇರಬೇಕು ಅಂತ ಉಂಟು ಅಂತಲೂ ಅವನೇ ಹೇಳಿದ.

ನಮ್ಮ ಮಾರ್ಗಕ್ಕೆ ಈಗ ದುಡ್ಡು ಬರುತ್ತಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಬಂಟ್ವಾಳ, ಸುಬ್ರಹ್ಮಣ್ಯ ರೋಡ್ ಎರಡೂ ನಿಲ್ದಾಣಗಳನ್ನು ಸುಧಾರಿಸುವ ಅಮೃತ್ ಭಾರತ್ ಯೋಜನೆಯ ಪಟ್ಟಿಯಲ್ಲಿವೆ. 2025ರ ಜೂನ್‌ನಿಂದ ಬೆಂಗಳೂರಿನ ಹಗಲಿನ ರೈಲು ನಿಲ್ಲಿಸಿ ಘಾಟಿಯಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸ ಮಾಡಿದರು. 57 ಸುರಂಗ ಇರುವ ಜಾಗ ಅದು, ಸಣ್ಣ ಕೆಲಸ ಅಲ್ಲ. ನನಗೆ ಅದರಿಂದ ಸಂತೋಷವೇ. ಆದರೆ ರೈಲನ್ನು ಸಣ್ಣ ಊರುಗಳಿಗೆ ತರುವುದು ಅಂದಮೇಲೆ ಆ ಊರಿನಲ್ಲಿ ಯಾರು ಹತ್ತುತ್ತಾರೆ ಅಂತಲೂ ನೋಡಬೇಕು ಅಲ್ವಾ? ಗಟ್ಟಿ ಇದ್ದವರಿಗೆ ಬೈಕ್ ಉಂಟು. ಈ ರೈಲಿಗೆ ಕಾಯುವವರಲ್ಲಿ ಆಸ್ಪತ್ರೆಗೆ ಹೋಗುವವರು, ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರೇ ಜಾಸ್ತಿ.

ಇಡೀ ಪ್ಲಾಟ್‌ಫಾರಂ ಎತ್ತರಿಸಬೇಕು ಅಂತ ನಾನು ಹಟ ಮಾಡುವುದಿಲ್ಲ. ಅದು ಆದರೆ ಬಹಳ ಒಳ್ಳೆಯದು. ಆಗದಿದ್ದರೆ ಎರಡು ಬೋಗಿ ಉದ್ದಕ್ಕಾದರೂ ಎತ್ತರಿಸಿ, ಎರಡೂ ಬದಿಗೆ ಇಳಿಜಾರು ಮಾಡಿ, ಯಾವ ಬೋಗಿ ಅಲ್ಲಿ ನಿಲ್ಲುತ್ತದೆ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ದಿನಾ ಅದೇ ಬೋಗಿ ಅಲ್ಲೇ ನಿಂತರೆ ನಾವು ಅಲ್ಲೇ ಬಂದು ನಿಲ್ಲುತ್ತೇವೆ. ಅಲ್ಲಿ ಒಂದು ಲೈಟ್ ಬೇಕು, ತಲೆಯ ಮೇಲೆ ಒಂದು ತಗಡು ಬೇಕು. ಆ ಕೆಲಸ ಆಗುವವರೆಗೆ ಒಂದು ಗಟ್ಟಿ ಕಬ್ಬಿಣದ ಮೆಟ್ಟಿಲು ಇಟ್ಟು, ರೈಲನ್ನು ಒಂದು ನಿಮಿಷ ಹೆಚ್ಚು ನಿಲ್ಲಿಸಿದರೂ ಸಾಕು. ಪುತ್ತೂರು, ಸುಬ್ರಹ್ಮಣ್ಯ ಕಡೆಯ ಜನಪ್ರತಿನಿಧಿಗಳು ಒಂದು ಸಲ ಈ ರೈಲಿನಲ್ಲಿ ಬಂದು, ಸಂಜೆ ಕತ್ತಲಾದ ಮೇಲೆ ನಮ್ಮ ಜೊತೆ ಇಳಿದು ನೋಡಬೇಕು ಅಂತ ಕೇಳಿಕೊಳ್ಳುತ್ತೇನೆ.

ನಮ್ಮವರ 30 ಸಲವೂ ಮುಗಿಯಿತು. ಒಂದೂ ತಪ್ಪಲಿಲ್ಲ. ಈಗ ನಳಿಕೆ ತೆಗೆದಿದ್ದಾರೆ, ಗಂಜಿ ಕುಡಿಯುತ್ತಾರೆ. ತಿಂಗಳಿಗೆ ಒಮ್ಮೆ ತೋರಿಸಲು ಹೋದರೆ ಸಾಕು. ಸ್ಟೂಲನ್ನು ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಇಟ್ಟು ಬಂದಿದ್ದೇನೆ. ಬೇಕಾದವರು ಕೇಳಿ ತೆಗೆದುಕೊಳ್ಳಬಹುದು. ಒಂದು ಕಾಲು ಸ್ವಲ್ಪ ಬಿರುಕು ಬಿಟ್ಟಿದೆ, ಆ ಬದಿಗೆ ಭಾರ ಹಾಕಬೇಡಿ.

– ಒಬ್ಬ ಬೀಡಿ ಕಾರ್ಮಿಕೆ, ದಕ್ಷಿಣ ಕನ್ನಡ