ಹಳೆ ಹಾಯಿದೋಣಿಗೆ ಬಣ್ಣ ಹೊಡೆಸುವ ಮೊದಲು

ಸಂಪಾದಕರಿಗೆ ನಮಸ್ಕಾರ,

ಹಳೆಯ ಹಾಯಿದೋಣಿಗಳನ್ನು ಹೊಸದರಂತೆ ಮಾಡುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಅದು ಯಾವ ಬಣ್ಣ, ಎಷ್ಟು ಕೋಟ್ ಅನ್ನುವಲ್ಲಿಂದಲೇ ಶುರುವಾಯಿತು. ಈ ದೋಣಿಗೆ ಬಣ್ಣ ಬೇಕೇ ಬೇಕಾ ಅಂತ ಯಾರೂ ಕೇಳಲಿಲ್ಲ. ಅದನ್ನೇ ಮೊದಲು ಕೇಳಬೇಕು ಅಂತ ಹೇಳುವುದಕ್ಕೆ ಈ ಪತ್ರ.

ಫೈಬರ್ ದೋಣಿಗಳು ಹೆಚ್ಚಾಗಿ ಕಾರ್ಖಾನೆಯಿಂದ ಬರುವಾಗ ಅವುಗಳ ಮೇಲೆ ಬಣ್ಣವೇ ಇರುವುದಿಲ್ಲ. ಅಚ್ಚಿನೊಳಗೆ ಮೊದಲು ಜೆಲ್‌ಕೋಟ್ ಅನ್ನುವ ಬಣ್ಣದ ರಾಳ ಸಿಂಪಡಿಸುತ್ತಾರೆ, ಅದರ ಮೇಲೆ ರಾಳದಲ್ಲಿ ನೆನೆಸಿದ ಗಾಜಿನ ನಾರನ್ನು ಪದರ ಪದರವಾಗಿ ಕೂರಿಸುತ್ತಾರೆ, ಅಚ್ಚಿನಿಂದ ತೆಗೆದಾಗ ಹೊರಗೆ ಕಾಣುವುದು ಆ ಜೆಲ್‌ಕೋಟ್. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬಣ್ಣ ಅದರೊಳಗೇ ಬೆರೆತಿರುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದು ಅದರ ಮೇಲ್ಮೈ ಸತ್ತುಹೋಗುತ್ತದೆ, ಕೈಯಿಟ್ಟರೆ ಸುಣ್ಣದಂಥ ಪುಡಿ ಅಂಟುತ್ತದೆ. ಇದನ್ನು ನೋಡಿಯೇ ಜನ ದೋಣಿ ಹಾಳಾಯಿತು, ಬಣ್ಣ ಹೊಡೆಸಿ ಅನ್ನುತ್ತಾರೆ. ಆದರೆ ಸತ್ತಿರುವುದು ಮೇಲಿನ ತೆಳು ಪದರ ಮಾತ್ರ, ಕೆಳಗೆ ಮೂಲ ಬಣ್ಣ ಹಾಗೇ ಇರಬಹುದು ಅಲ್ವಾ?

ಪರೀಕ್ಷೆ ಕಷ್ಟವೇನಲ್ಲ. ಬಿಸಿಲು ಜಾಸ್ತಿ ಬೀಳುವ ಕಡೆ ಒಂದು ಚದರ ಅಡಿ ಜಾಗ ಆರಿಸಿ, ಚೆನ್ನಾಗಿ ತೊಳೆದು, ನೀರು ಹಾಕಿ ನೋಡಿ. ಒದ್ದೆಯಾದಾಗ ಬಣ್ಣ ಗಾಢವಾಗಿ ಎದ್ದು ಕಂಡರೆ ಆಸೆ ಇದೆ. ಆಮೇಲೆ ನೀರು ಹಾಕಿಕೊಂಡೇ ವಾಟರ್ ಪೇಪರಿನಲ್ಲಿ ಉಜ್ಜಿ. 800ನೇ ನಂಬರಿನಿಂದ ಶುರುಮಾಡಿ 1000, 1500, 2000ದವರೆಗೆ ಹೋಗಿ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ), ನಂತರ ಉಜ್ಜುವ ಕಾಂಪೌಂಡ್, ಪಾಲಿಶ್, ಕೊನೆಗೆ ಮೇಣ. ಆ ಒಂದು ಅಡಿ ಹೊಳೆದರೆ ಉಳಿದದ್ದೂ ಹೊಳೆಯುವ ಸಾಧ್ಯತೆ ಜಾಸ್ತಿ. ಒಂದು ಎಚ್ಚರಿಕೆ ಇದೆ. ಹಿಂದಿನ ಮಾಲೀಕರು ಎಷ್ಟು ಸಲ ಉಜ್ಜಿದ್ದಾರೋ ನಮಗೆ ಗೊತ್ತಿರುವುದಿಲ್ಲ. ನಾರಿನ ನೇಯ್ಗೆ ಒಳಗಿನಿಂದ ಮಬ್ಬಾಗಿ ಕಾಣತೊಡಗಿದರೆ ಅಲ್ಲೇ ನಿಲ್ಲಿಸಿ, ಜೆಲ್‌ಕೋಟ್ ಮುಗಿದಿದೆ ಅಂತ ಅರ್ಥ. ಅಂಚು, ಮೂಲೆಗಳಲ್ಲಿ ಅದು ಬೇಗ ಸವೆಯುತ್ತದೆ. ಅಲ್ಲಿ ಮೆಷಿನ್ ಬೇಡ, ಕೈಯೇ ಸಾಕು.

ಮುಗಿದಿದ್ದರೆ ಬಣ್ಣ ಹೊಡೆಸಿ, ನನ್ನದೇನೂ ತಕರಾರಿಲ್ಲ. ಹಿಂದೆ ಯಾರೋ ಬಣ್ಣ ಹೊಡೆದು ಅದು ಏಳುತ್ತಿದ್ದರೆ, ಮೈತುಂಬ ಬೇರೆ ಬೇರೆ ಬಣ್ಣದ ತೇಪೆಗಳಿದ್ದರೆ, ಆಗಲೂ ಬಣ್ಣವೇ ಸರಿ. ಆದರೆ ಅದು ಹಿಂದಿರುಗಲಾಗದ ದಾರಿ ಅನ್ನುವುದು ತಿಳಿದಿರಲಿ. ಜೆಲ್‌ಕೋಟ್ ಮೇಲೆ ಗೀರು ಬಿದ್ದರೆ ಉಜ್ಜಿ ಪಾಲಿಶ್ ಮಾಡಬಹುದು. ಎರಡು ಡಬ್ಬಿಯಲ್ಲಿ ಬಂದು, ಹಚ್ಚುವ ಮೊದಲು ಬೆರೆಸುವ ಪಾಲಿಯುರೆಥೇನ್ ಬಣ್ಣದ ಹೊಳಪು ಇರುವುದೆಲ್ಲ ಮೇಲಿನ ತೆಳು ಪೊರೆಯಲ್ಲಿ. ಅದನ್ನು ಉಜ್ಜಿ ತೆಗೆದರೆ ಬಣ್ಣ ಬೇಗ ಮಂಕಾಗುತ್ತದೆ. ಅಕ್ರಿಲಿಕ್ ಬಗೆಯ ಕೆಲವು ಬಣ್ಣಗಳನ್ನು ಪಾಲಿಶ್ ಮಾಡಬಹುದು ನಿಜ, ಅವು ಅಷ್ಟು ಗಟ್ಟಿಯಲ್ಲ. ಚೆನ್ನಾಗಿ ಹೊಡೆದ ಬಣ್ಣ ಹತ್ತು ವರ್ಷ ಬಾಳಬಹುದು, ಆಮೇಲೆ ಮತ್ತೆ ಬಣ್ಣವೇ ಗತಿ. ಜೆಲ್‌ಕೋಟ್ ಉಳಿಸಿಕೊಂಡವರಿಗೂ ಕೆಲಸ ತಪ್ಪುವುದಿಲ್ಲ, ವರ್ಷಕ್ಕೊಮ್ಮೆಯಾದರೂ ಮೇಣ ಹಚ್ಚಲೇಬೇಕು. ಆದರೆ ಉಳಿದ ಹಣ ಹಾಯಿಗೋ, ಮಾಸ್ಟ್ ಅಂದರೆ ಹಾಯಿಕಂಬವನ್ನು ಹಿಡಿದಿರುವ ತಂತಿಗಳಿಗೋ ಹೋಗುತ್ತದೆ. ಹಳೆ ದೋಣಿಯಲ್ಲಿ ಜೀವ ಕಾಯುವುದು ಅವೇ. ಇದ್ದಬದ್ದ ಹಣವನ್ನೆಲ್ಲ ಹೊಳಪಿಗೆ ಸುರಿದು ತುಕ್ಕು ತಂತಿಯಲ್ಲೇ ನೀರಿಗಿಳಿಯುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ಬಿರುಕುಗಳ ಬಗ್ಗೆ ಹೇಳಲೇಬೇಕು. ರೇಲಿಂಗ್ ಕಂಬಗಳ ಬುಡದಲ್ಲಿ, ತಂತಿಗಳು ದೋಣಿಯ ಮೈಗೆ ಸೇರುವ ಜಾಗದಲ್ಲಿ ನಕ್ಷತ್ರದ ಹಾಗೆ ಹರಡಿದ ಕೂದಲೆಳೆ ಬಿರುಕು ಕಂಡರೆ ಅಲ್ಲಿ ಒಳಗಿನ ಪದರ ಬಾಗುತ್ತಿರಬಹುದು. ಅದರ ಮೇಲೆ ಎಷ್ಟೇ ಒಳ್ಳೆಯ ಬಣ್ಣ ಬಳಿದರೂ ಬಿರುಕು ಮತ್ತೆ ಬರುತ್ತದೆ. ಮೊದಲು ಒಳಗಿನಿಂದ ಆ ಜಾಗಕ್ಕೆ ಬಲ ಕೊಡಿ, ನಂತರ ಬಿರುಕನ್ನು ತೆರೆದು ತುಂಬಿ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೈಯೆಲ್ಲ ತಟ್ಟುತ್ತಾ ಹೋಗಿ. ಟಣ್ ಅನ್ನುತ್ತಿದ್ದ ಸದ್ದು ಒಂದು ಕಡೆ ಇದ್ದಕ್ಕಿದ್ದ ಹಾಗೆ ಮಂಕಾದರೆ ಅಲ್ಲಿ ಪದರ ಬಿಟ್ಟಿರುವ ಅನುಮಾನವಿದೆ, ತಿಳಿದವರಿಗೆ ತೋರಿಸಿ.

ನೀರಿನ ಗೆರೆಯ ಕೆಳಗಿನದು ಬೇರೆಯೇ ಲೆಕ್ಕ. ಮೇಲ್ಭಾಗದ ಹೊಳಪಿನ ಬಣ್ಣ ಸದಾ ನೀರಿನಲ್ಲಿರಲು ಮಾಡಿದ್ದಲ್ಲ, ಕೆಳಗೆ ಬಳಿದರೆ ಗುಳ್ಳೆ ಎದ್ದು ಸುಲಿಯುತ್ತದೆ. ಜೆಲ್‌ಕೋಟ್‌ನಲ್ಲೇ ಗುಳ್ಳೆಗಳಿದ್ದರೆ ಅದು ನೀರು ಒಳಗೆ ಇಳಿದ ಗುರುತು, ಚುಚ್ಚಿದರೆ ವಿನೆಗರ್ ವಾಸನೆಯ ದ್ರವ ಚಿಮ್ಮುತ್ತದೆ, ಕಣ್ಣು ಕಾಯುವ ಕನ್ನಡಕ ಹಾಕಿಕೊಂಡೇ ಚುಚ್ಚಿ. ಒಂದೆರಡಿದ್ದರೆ ತೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ತುಂಬಿದರೆ ಸಾಕು. ಮೈತುಂಬ ಇದ್ದರೆ ಜೆಲ್‌ಕೋಟ್ ಕೆತ್ತಿ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕಾಗುತ್ತದೆ.

ಪಾಚಿ, ಚಿಪ್ಪು ಹತ್ತದಂತೆ ತಳಕ್ಕೆ ಹಚ್ಚಿದ ಹಳೆಯ ಬಣ್ಣವನ್ನು ಮಾತ್ರ ಒಣಗಿದ್ದಾಗ ಉಜ್ಜಬೇಡಿ. ಬಹಳ ಹಳೆಯ ಪದರಗಳಲ್ಲಿ ಟ್ರೈಬ್ಯುಟೈಲ್‌ಟಿನ್ ಇರಬಹುದು. ಅದು ಸಮುದ್ರದ ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆಸಿ ಸಂತಾನವನ್ನೇ ನಿಲ್ಲಿಸಿದ ವಿಷ. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು, 2001ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಒದ್ದೆ ಮಾಡಿ ಕೆರೆಯಿರಿ, ಬಿದ್ದದ್ದನ್ನೆಲ್ಲ ಕೆಳಗೆ ಹಾಳೆ ಹಾಸಿ ಒಟ್ಟುಮಾಡಿ.

ಬಣ್ಣವೇ ಅಂತ ತೀರ್ಮಾನವಾದರೆ, ಉಜ್ಜುವ ಮೊದಲೇ ಹಳೆಯ ಮೇಣ, ಸಿಲಿಕೋನ್ ಎಲ್ಲವನ್ನೂ ದ್ರಾವಕದಿಂದ ಒರೆಸಿ ತೆಗೆಯಬೇಕು. ಮೊದಲು ಉಜ್ಜಿದರೆ ಮೇಣ ಗೀರುಗಳೊಳಗೆ ಇಳಿದು, ಆಮೇಲೆ ಹೊಡೆದ ಬಣ್ಣದ ತುಂಬ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಸಂಜೆ ಇಬ್ಬನಿ ಬೀಳುವ ಹೊತ್ತಿಗೆ ಹೊಡೆಯಬೇಡಿ, ಒಣಗುವ ಮೊದಲೇ ಹೊಳಪು ಹೋಗುತ್ತದೆ.

ನಿಮ್ಮ ಬರಹದಲ್ಲಿ ಬಿಟ್ಟುಹೋದ ದೊಡ್ಡ ವಿಷಯ ಇನ್ನೊಂದಿದೆ, ಅದಕ್ಕಾಗಿ ಸ್ವಲ್ಪ ಜಾಗ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಎರಡು ಡಬ್ಬಿಯ ಪಾಲಿಯುರೆಥೇನ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಗನ್‌ನಿಂದ ಸಿಂಪಡಿಸುವಾಗ ಅದು ಉಸಿರಿಗೆ ಹೋದರೆ ಆಸ್ತಮಾ ಹಿಡಿಯಬಹುದು, ಒಮ್ಮೆ ಹಿಡಿದವರಿಗೆ ಮುಂದೆ ಚೂರು ಸೋಕಿದರೂ ಉಸಿರು ಕಟ್ಟಬಹುದು. ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಅಲ್ಲ, ಹೊರಗಿನಿಂದ ಶುದ್ಧ ಗಾಳಿ ತರುವ ಮುಖವಾಡವೇ ಬೇಕು. ಅದಿಲ್ಲದವರು ಗನ್ ಮುಟ್ಟಲೇಬಾರದು. ಮನೆಯವರೇ ಮಾಡುವ ಕೆಲಸಕ್ಕೆ ಒಂದೇ ಡಬ್ಬಿಯ ಬಣ್ಣವನ್ನು ರೋಲರ್‌ನಲ್ಲಿ ಹಚ್ಚಿ, ಹಿಂದೆಯೇ ಬ್ರಷ್ ಎಳೆದರೂ ನೋಡಲು ಚೆನ್ನಾಗಿಯೇ ಬರುತ್ತದೆ. ಇಷ್ಟನ್ನಾದರೂ ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ಎದ್ದು ಕಾಣುವ ಹಾಗೆ ಹಾಕಿ. ಬರಹ ಓದಿ ಗನ್ ಬಾಡಿಗೆಗೆ ತರಲು ಹೊರಟವರು ಈಗಾಗಲೇ ಇರಬಹುದು.

ಇಂತಿ,
ನಿಮ್ಮ ಓದುಗ